ಬ್ಯಾಂಕ್ ಹರಾಜಿನಲ್ಲಿ ಕೈಗಾರಿಕಾ ಶೆಡ್ ಕೊಳ್ಳುವ ಮುನ್ನ

ದಿನಪತ್ರಿಕೆಗಳಲ್ಲಿ ಬ್ಯಾಂಕುಗಳ ಸ್ವತ್ತು ಹರಾಜಿನ ಪ್ರಕಟಣೆ ಇಲ್ಲದ ದಿನವೇ ಅಪರೂಪ. ಬಾಡಿಗೆ ಶೆಡ್ಡಿನಲ್ಲಿ ಯಂತ್ರಗಳನ್ನಿರಿಸಿಕೊಂಡು ದುಡಿಯುತ್ತಿರುವ ಸಣ್ಣ ಉದ್ಯಮಿಗೆ, ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಸ್ವಂತ ಜಾಗ ಪಡೆಯುವ ಮಾರ್ಗವಾಗಿ ಅವು ಕಾಣುವುದು ಸಹಜ. ಹಾಗೆ ದೊರೆಯುವುದೂ ಉಂಟು. ಆದರೆ ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಮೀಸಲು ಬೆಲೆಯು ಕೊಳ್ಳುವವನು ತೆರಬೇಕಾದ ಒಟ್ಟು ಮೊತ್ತವಲ್ಲ. ಹಣ ಹೊಂದಿಸಲು ದೊರೆಯುವ ಕಾಲಾವಕಾಶವೂ ಖಾಸಗಿ ಕ್ರಯದಲ್ಲಿರುವಷ್ಟು ಉದಾರವಾಗಿರುವುದಿಲ್ಲ. ಈ ಎರಡು ಸಂಗತಿಗಳನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಇಂತಹ ಹರಾಜುಗಳಲ್ಲಿ ಬಹುಪಾಲು 2002ರ ಸರ್ಫೇಸಿ ಕಾಯ್ದೆಯ ಅನ್ವಯ ನಡೆಯುತ್ತವೆ. ಸುಸ್ತಿದಾರನಿಗೆ 60 ದಿನಗಳ ನೋಟಿಸು ನೀಡಿ, ಆತ ಸಾಲ ತೀರಿಸದಿದ್ದಲ್ಲಿ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಸ್ವತ್ತನ್ನು ಸ್ವಾಧೀನಕ್ಕೆ ಪಡೆದು ಮಾರುವ ಅಧಿಕಾರವನ್ನು ಬ್ಯಾಂಕಿಗೆ ಈ ಕಾಯ್ದೆ ನೀಡಿದೆ. ಕೃಷಿ ಭೂಮಿ ಇದರ ವ್ಯಾಪ್ತಿಗೆ ಬಾರದು. ಮೊದಲ ಹರಾಜಿಗೆ 30 ದಿನಗಳ, ಮರುಹರಾಜಿಗೆ 15 ದಿನಗಳ ಮುನ್ಸೂಚನೆ ಅಗತ್ಯ. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಸ್ವತ್ತುಗಳ ವಿವರ ಬ್ಯಾಂಕ್‌ನೆಟ್ ಜಾಲತಾಣದಲ್ಲಿ ಲಭ್ಯವಿದ್ದು, ಸವಾಲು ಕೂಗುವುದೂ ಅಲ್ಲಿಯೇ.

ಹರಾಜು ಮುಗಿದ ಮೇಲೆ ಸಾಲಗಾರನು ಹಣ ತಂದು ಕಟ್ಟಿದರೆ ತಮ್ಮ ಗತಿಯೇನು ಎಂಬುದು ಅನೇಕರ ಆತಂಕ. 2016ರ ತಿದ್ದುಪಡಿಯ ಪ್ರಕಾರ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆ ಹೊರಡುವವರೆಗೆ ಮಾತ್ರ. ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಒಂಬತ್ತನೆಯ ಹರಾಜಿನಲ್ಲಿ 105.05 ಕೋಟಿ ರೂ.ಗೆ ಸವಾಲು ಗೆದ್ದ ಸೆಲಿರ್ ಸಂಸ್ಥೆಯನ್ನು ಬದಿಗಿರಿಸಿ, 129 ಕೋಟಿ ಕಟ್ಟಲು ಬಂದ ಸಾಲಗಾರನಿಗೆ ಬಾಂಬೆ ಉಚ್ಚ ನ್ಯಾಯಾಲಯ ಅವಕಾಶ ನೀಡಿತ್ತು. 2023ರ ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿ ಕೊಂಡವನ ಪರ ನಿಂತಿತು. ಇದು ಕೊಳ್ಳುವವನಿಗೆ ದೊಡ್ಡ ರಕ್ಷಣೆ. ಆದರೂ ನೋಟಿಸಿನಲ್ಲಿ ಅಥವಾ ಕ್ರಮದಲ್ಲಿ ಲೋಪವಿದೆಯೆಂದು ಸಾಲಗಾರನು ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆಹೋಗುವ ದಾರಿ ತೆರೆದೇ ಇರುತ್ತದೆ. ಬ್ಯಾಂಕಿನ ಕಡತದಲ್ಲಿ ನೋಟಿಸುಗಳ ದಿನಾಂಕಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳುವುದು ಇದೇ ಕಾರಣಕ್ಕೆ.

ಇನ್ನು ಹಣದ ಗಡುವು. ಉದಾಹರಣೆಗೆ, ಒಂದು ಶೆಡ್ಡಿನ ಮೀಸಲು ಬೆಲೆ 80 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಶೇ. 10ರಂತೆ 8 ಲಕ್ಷ ಇ.ಎಂ.ಡಿ. ಕಟ್ಟಿ 90 ಲಕ್ಷಕ್ಕೆ ಸವಾಲು ಗೆದ್ದಿರಿ. ಬೆಲೆಯ ಶೇ. 25, ಅಂದರೆ 22.5 ಲಕ್ಷವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ತುಂಬಬೇಕು. ಇ.ಎಂ.ಡಿ. ಕಳೆದರೆ 14.5 ಲಕ್ಷ ಒಂದೇ ದಿನದಲ್ಲಿ ಕೈಯಲ್ಲಿರಬೇಕು. ಉಳಿದ 67.5 ಲಕ್ಷಕ್ಕೆ ಮಾರಾಟ ಸ್ಥಿರೀಕರಣದಿಂದ 15 ದಿನಗಳ ಅವಕಾಶ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಅದು ಗರಿಷ್ಠ ಮೂರು ತಿಂಗಳಿಗೆ ವಿಸ್ತರಣೆಯಾಗಬಹುದು. ಬಾಯಿಮಾತಿನ ಭರವಸೆಗೆ ಇಲ್ಲಿ ಬೆಲೆಯಿಲ್ಲ. ಕೈತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಕೊಯಮತ್ತೂರಿನ ಸ್ವತ್ತೊಂದನ್ನು 12.27 ಕೋಟಿಗೆ ಹಿಡಿದವರೊಬ್ಬರು ಬಾಕಿ ಹಣ ಹೊಂದಿಸಲಾಗದೆ ಶೇ. 25ರ ಮೊತ್ತವಾದ 3 ಕೋಟಿಗೂ ಮೀರಿದ ಹಣವನ್ನು ಕಳೆದುಕೊಂಡರು. ಬ್ಯಾಂಕಿಗೆ ನಿಜವಾಗಿ ಆದ ನಷ್ಟವಷ್ಟನ್ನೇ ಹಿಡಿಯಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಪೂರ್ತಿ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಸಾಲ ಪಡೆದು ಕೊಳ್ಳುವ ಯೋಚನೆಯಿದ್ದವರು ತಮ್ಮ ಬ್ಯಾಂಕಿನ ಮಂಜೂರಾತಿ ಪತ್ರ ಕೈಸೇರುವವರೆಗೆ ಇ.ಎಂ.ಡಿ. ಕಟ್ಟದಿರುವುದೇ ಲೇಸೆಂದು ಈ ಲೇಖಕನ ಅಭಿಪ್ರಾಯ.

ಶೆಡ್ ಕೊಳ್ಳುವವರಿಗೆ ಇದಕ್ಕಿಂತಲೂ ಹೆಚ್ಚು ಪೆಟ್ಟು ಕೊಡುವುದು ಹಳೆಯ ಬಾಕಿಗಳು. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತು ಕಟ್ಟಡದ ಬಿರುಕುಗಳಿಗಷ್ಟೇ ಅನ್ವಯವಾಗುವುದೆಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಹಿಂದಿನ ಮಾಲೀಕನ ವಿದ್ಯುತ್ ಬಾಕಿಯನ್ನು ಕಟ್ಟಿದ ಹೊರತು ಹೊಸ ಸಂಪರ್ಕ ನೀಡುವುದಿಲ್ಲವೆಂಬ ನಿಬಂಧನೆಯು ಶಾಸನಬದ್ಧ ನಿಯಮಗಳಲ್ಲಿದ್ದರೆ ಅದು ಸಿಂಧು ಎಂದು ಕೆ.ಸಿ. ನೈನಾನ್ ಪ್ರಕರಣದಲ್ಲಿ 2023ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಮುಚ್ಚಿಹೋದ ಕಾರ್ಖಾನೆಯ ಎಚ್.ಟಿ. ಸ್ಥಾವರದ ಬಾಕಿ, ಬಡ್ಡಿ ಸೇರಿ, ಹರಾಜಿನಲ್ಲಿ ಉಳಿತಾಯವಾಯಿತೆಂದುಕೊಂಡ ಹಣವನ್ನೇ ನುಂಗಬಲ್ಲದು. ವಿದ್ಯುತ್ತಿಲ್ಲದ ಶೆಡ್ಡಿನಿಂದ ಉದ್ಯಮಿಗೆ ಪ್ರಯೋಜನವೂ ಇಲ್ಲ. ಆದುದರಿಂದ ಸ್ವತ್ತಿನ ಪರಿಶೀಲನೆಗೆ ಹೋದ ದಿನವೇ ಮೀಟರಿನ ಆರ್.ಆರ್. ಸಂಖ್ಯೆಯನ್ನು ಬರೆದುಕೊಂಡು, ಬೆಸ್ಕಾಂ ಅಥವಾ ಆಯಾ ವಲಯದ ಎಸ್ಕಾಂ ಉಪವಿಭಾಗದಲ್ಲಿ ಬಾಕಿಯ ವಿವರವನ್ನು ಲಿಖಿತವಾಗಿ ಪಡೆಯತಕ್ಕದ್ದು. ಮೀಟರನ್ನೇ ಕಿತ್ತೊಯ್ದಿದ್ದರೆ ಅದೇ ಒಂದು ಸೂಚನೆ. ಆಸ್ತಿ ತೆರಿಗೆ, ನೀರಿನ ಕರ, ಕಾರ್ಮಿಕರ ಭವಿಷ್ಯ ನಿಧಿ ಬಾಕಿ ಇವುಗಳನ್ನೂ ಹೀಗೆಯೇ ವಿಚಾರಿಸಬೇಕು. ಇವಾವುವೂ ಋಣಭಾರ ಪ್ರಮಾಣಪತ್ರದಲ್ಲಿ ಕಾಣಸಿಗುವುವೆಂದು ನಂಬುವಂತಿಲ್ಲ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ.

ಸ್ವತ್ತು ಕೆ.ಐ.ಎ.ಡಿ.ಬಿ. ನಿವೇಶನವಾಗಿದ್ದರೆ ಮತ್ತೊಂದು ಪ್ರಶ್ನೆ ಏಳುತ್ತದೆ. ಸಾಲಗಾರನಿಗೆ ಶುದ್ಧ ಕ್ರಯಪತ್ರವಾಗಿದೆಯೋ, ಇನ್ನೂ ಲೀಸ್-ಕಮ್-ಸೇಲ್ ಕರಾರಿನಲ್ಲೇ ಇದೆಯೋ? ಎರಡನೆಯದಾದರೆ ಬ್ಯಾಂಕು ಮಾರಬಲ್ಲುದು ಸಾಲಗಾರನಿಗಿದ್ದ ಹಕ್ಕನ್ನಷ್ಟೇ. ಮಂಡಳಿಯ ಕಚೇರಿಯಲ್ಲಿ ಷರತ್ತುಗಳನ್ನೂ ತೆರಬೇಕಾದ ಶುಲ್ಕಗಳನ್ನೂ ತಿಳಿದ ನಂತರವೇ ಸವಾಲಿನ ಮಿತಿಯನ್ನು ನಿರ್ಧರಿಸಬೇಕು.

ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂಬ ಪದವಿದೆಯೇ ಎಂದು ನೋಡಿ. ಇದ್ದರೆ ಬೀಗದ ಕೈ ಬ್ಯಾಂಕಿನ ಬಳಿಯಿಲ್ಲವೆಂದೇ ಅರ್ಥ. ಒಳಗೆ ಸಾಲಗಾರನೋ ಬಾಡಿಗೆದಾರನೋ ಇರಬಹುದು. ಅಡಮಾನಕ್ಕೆ ಮೊದಲೇ ಬಂದ ನೈಜ ಬಾಡಿಗೆದಾರನನ್ನು ಎಬ್ಬಿಸುವುದು ಸುಲಭಸಾಧ್ಯವಲ್ಲ. ಭೌತಿಕ ಸ್ವಾಧೀನಕ್ಕಾಗಿ ಬ್ಯಾಂಕು ಜಿಲ್ಲಾ ದಂಡಾಧಿಕಾರಿಗಳ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳ ನೆರವು ಕೋರಬೇಕಾಗುತ್ತದೆ. ಅಲ್ಲಿಯವರೆಗೆ ಕೊಂಡವನು ಹೊಸ ಸಾಲದ ಕಂತು, ಹಳೆಯ ಶೆಡ್ಡಿನ ಬಾಡಿಗೆ ಎರಡನ್ನೂ ತೆರುತ್ತಿರಬೇಕಷ್ಟೆ.

ಪೂರ್ಣ ಹಣ ಸಂದಾಯವಾದ ಮೇಲೆ ಅಧಿಕೃತ ಅಧಿಕಾರಿಯು ಮಾರಾಟ ಪ್ರಮಾಣಪತ್ರ ನೀಡುತ್ತಾರೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ. 1 ಆದಾಯ ತೆರಿಗೆಯನ್ನು ಮೂಲದಲ್ಲೇ ಮುರಿದು ಕಟ್ಟುವ ಹೊಣೆ ಕೊಳ್ಳುವವನದು. ಮೇಲಿನ ಉದಾಹರಣೆಯಲ್ಲಿ ಅದು 90,000 ರೂ. ಆಗುತ್ತದೆ. ಪ್ರಮಾಣಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿ, ಇ-ಖಾತೆಗೆ ಅರ್ಜಿ ಸಲ್ಲಿಸುವಾಗ ಮೂಲ ಹಕ್ಕುಪತ್ರಗಳೂ ಕೈಯಲ್ಲಿರಬೇಕು. ಅವುಗಳನ್ನು ಪಟ್ಟಿ ಸಮೇತ, ಅಧಿಕಾರಿಯ ಸಹಿಯೊಂದಿಗೆ, ಪ್ರಮಾಣಪತ್ರದ ಜೊತೆಯಲ್ಲಿಯೇ ಕೇಳಿ ಪಡೆಯಿರಿ.