ಮುರಿದ ಮೂಳೆಗಳ ಲೆಕ್ಕ: ಓಟಿ ಪುಸ್ತಕದಿಂದ ಶುರು ಮಾಡಬೇಡಿ

ಮೂಳೆ ವಿಭಾಗಕ್ಕೆ ಗಾಯಾಳುಗಳ ರಿಜಿಸ್ಟ್ರಿ ಬೇಕೆಂದು ತೀರ್ಮಾನವಾದ ಕೂಡಲೇ ಹಲವು ಆಸ್ಪತ್ರೆಗಳಲ್ಲಿ ಓಟಿ ಪುಸ್ತಕ ತೆರೆದು, ಆಪರೇಷನ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುತ್ತಾರೆ. ಅದು ಆಪರೇಷನ್ ಪಟ್ಟಿಯೇ ಹೊರತು ರಿಜಿಸ್ಟ್ರಿಯಲ್ಲ.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೋದ ಮಗು, ಕ್ಯಾಶುವಾಲ್ಟಿಯಿಂದಲೇ ದೊಡ್ಡಾಸ್ಪತ್ರೆಗೆ ಕಳಿಸಿದ ಬೈಕ್ ಸವಾರ, ಎಕ್ಸ್‌ರೇ ನೋಡಿ ನಾಟಿ ಕಟ್ಟು ಹಾಕಿಸುತ್ತೇವೆಂದು ಎದ್ದು ಹೋದವರು, ಟೇಬಲ್ಲಿಗೆ ಬರುವ ಮೊದಲೇ ತೀರಿಕೊಂಡವರು, ಇವರಾರೂ ಓಟಿ ಪುಸ್ತಕದಲ್ಲಿಲ್ಲ. ಚಿಕಿತ್ಸೆ ಎಲ್ಲಿ ಕೈತಪ್ಪುತ್ತಿದೆ ಎಂದು ಹೇಳಬಲ್ಲವರು ಇವರೇ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ಪುಸ್ತಕವೊಂದೇ ಸಾಲದು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡ ಅಜ್ಜಿ ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ. ಸ್ವೀಡನ್‌ನಲ್ಲಿ 2011ರಲ್ಲಿ ಶುರುವಾದ ರಾಷ್ಟ್ರೀಯ ಮುರಿತ ರಿಜಿಸ್ಟ್ರಿ, ಆಪರೇಷನ್ ಆದವರನ್ನೂ ಆಗದವರನ್ನೂ ಒಟ್ಟಿಗೇ ದಾಖಲಿಸುತ್ತದೆ.

ಆದ್ದರಿಂದ ಹೆಸರು ಹಿಡಿಯಬೇಕಾದದ್ದು ಎಕ್ಸ್‌ರೇ ಕೋಣೆಯಲ್ಲಿ. ವಾರಕ್ಕೊಮ್ಮೆ ಎಕ್ಸ್‌ರೇ, ಕ್ಯಾಶುವಾಲ್ಟಿ, ಪ್ಲಾಸ್ಟರ್ ಕೋಣೆ, ಓಟಿ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿ, ಬಿಟ್ಟುಹೋದವರನ್ನು ಸೇರಿಸಿ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಫಾರಂ ಒಂದೇ ಪುಟವಿರಲಿ: ವಯಸ್ಸು, ಲಿಂಗ, ಗಾಯವಾದ ಸಮಯ, ಆಸ್ಪತ್ರೆಗೆ ಬಂದ ಸಮಯ, ಕಾರಣ, ಯಾವ ಮೂಳೆ, ಎಡವೋ ಬಲವೋ, ಚರ್ಮ ಹರಿದಿದೆಯೋ ಇಲ್ಲವೋ, ಏನು ಚಿಕಿತ್ಸೆ. ಕಾರಣದ ಜಾಗದಲ್ಲಿ 'ಬಿದ್ದದ್ದು' ಎಂದಷ್ಟೇ ಬರೆದರೆ ಅಡಿಕೆ ಮರದಿಂದ ಬಿದ್ದ ಕೊನೆಗಾರನೂ ಬಚ್ಚಲಲ್ಲಿ ಜಾರಿದ ಅಜ್ಜಿಯೂ ಒಂದೇ ಗುಂಪಿಗೆ ಸೇರುತ್ತಾರೆ. ಎಲ್ಲಿಂದ, ಏನು ಮಾಡುವಾಗ ಎಂದು ಕೇಳಿ. ಒಬ್ಬರಿಗೇ ಎರಡು ಮೂಳೆ ಮುರಿದಿದ್ದರೆ ಎರಡು ಸಾಲು, ರೋಗಿಯ ಸಂಖ್ಯೆ ಮಾತ್ರ ಒಂದೇ. ಮುರಿತದ ಬಗೆಗೆ ಎಒ ವರ್ಗೀಕರಣ, ತೆರೆದ ಗಾಯಕ್ಕೆ ಗಸ್ಟಿಲೊ ದರ್ಜೆ ಸಾಕು. ಅವನ್ನು ಗುಮಾಸ್ತರಲ್ಲ, ಎಕ್ಸ್‌ರೇ ಮತ್ತು ಗಾಯ ನೋಡಿದ ವೈದ್ಯರೇ ತುಂಬಬೇಕು. ತೆರೆದ ಗಾಯವಾದರೆ ಮೊದಲ ಆ್ಯಂಟಿಬಯೊಟಿಕ್ ಕೊಟ್ಟ ಗಂಟೆಯನ್ನೂ ಬರೆಯಿರಿ; ಸೋಂಕು ತಡೆಯುವಲ್ಲಿ ಆ ಹೊತ್ತು ಬಹಳ ಮುಖ್ಯ.

ಇನ್ನು ಚುಟುಕಾಗಿ: ರೋಗಿಯದಲ್ಲದೆ ಮನೆಯ ಇನ್ನೊಬ್ಬರ ಫೋನ್ ನಂಬರೂ ಇರಲಿ, ಆರು ವಾರದ ನಂತರ ಒಮ್ಮೆ, ಆರು ತಿಂಗಳ ನಂತರ ಒಮ್ಮೆ ವಿಚಾರಿಸಲು ಬೇಕಾಗುತ್ತದೆ. ಹೆಸರು, ವಿಳಾಸವನ್ನು ಬೇರೆ ಫೈಲಿನಲ್ಲಿ ಬೀಗ ಹಾಕಿಡಿ. ಸಂಶೋಧನೆಗೆ ಬಳಸುವುದಾದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ದಾಖಲೆಯ ಕೆಲಸಕ್ಕೆ ಸಂಬಳದ ಒಬ್ಬ ಸಿಬ್ಬಂದಿಯನ್ನು ಕೊಡಿ. ಪಿಜಿ ವಿದ್ಯಾರ್ಥಿಗಳ ತಲೆಗೆ ಕಟ್ಟಿದರೆ, ಅವರ ಥೀಸಿಸ್ ಮುಗಿದ ದಿನವೇ ರಿಜಿಸ್ಟ್ರಿಯೂ ನಿಲ್ಲುತ್ತದೆ.