ಎಷ್ಟು ದೂರ ನಡುಗಿತು ನೆಲ?

1897ರ ಜೂನ್ 12. ಸಂಜೆ ಸುಮಾರು ಐದೂಕಾಲು ಗಂಟೆ. ಇಂದು ಮೇಘಾಲಯದ ರಾಜಧಾನಿಯಾಗಿರುವ ಶಿಲ್ಲಾಂಗ್ ಆಗ ಅಸ್ಸಾಂ ಪ್ರಾಂತ್ಯದಲ್ಲಿತ್ತು. ಗುಡುಗಿನಂತಹ ಸದ್ದಿನೊಂದಿಗೆ ಅಲ್ಲಿ ನೆಲ ನಡುಗಿತು. ನೋಡನೋಡುತ್ತಿದ್ದಂತೆ ಊರಿನ ಕಲ್ಲಿನ ಕಟ್ಟಡಗಳೆಲ್ಲ ಉರುಳಿಬಿದ್ದವು. ಸುಮಾರು 1500 ಜನ ಸತ್ತರು.

ಇಷ್ಟು ದೊಡ್ಡ ಭೂಕಂಪಕ್ಕೆ ಸಾವು ಕಡಿಮೆಯೇ. ಸಂಜೆಯಾದ್ದರಿಂದ ಬಹಳ ಮಂದಿ ಮನೆಯ ಹೊರಗಿದ್ದರು. ನಮ್ಮ ರಾಜ್ಯದ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಆದ ಭೂಕಂಪ ಇದಕ್ಕಿಂತ ಬಹಳ ಚಿಕ್ಕದು. ಆದರೆ ಅದು ಬಂದದ್ದು ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ. ಕಲ್ಲು ಮಣ್ಣಿನ ಭಾರವಾದ ಮನೆಗಳು ಮೇಲೆ ಕುಸಿದು ಸಾವಿರಾರು ಜನ ಸತ್ತರು.

ಆಗ ಭಾರತದಲ್ಲಿ ಭೂಕಂಪವನ್ನು ಸರಿಯಾಗಿ ದಾಖಲಿಸುವ ಉಪಕರಣವೇ ಇರಲಿಲ್ಲ. ಹಾಗಾದರೆ ನೆಲ ಎಲ್ಲಿಯವರೆಗೆ ನಡುಗಿತೆಂದು ತಿಳಿಯುವುದು ಹೇಗೆ? ಜನರನ್ನೇ ಕೇಳಬೇಕು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಿಚರ್ಡ್ ಓಲ್ಡ್‌ಹ್ಯಾಂ ಮಾಡಿದ್ದು ಇದನ್ನೇ. ಗೋಡೆ ಬಿತ್ತೆ, ಬಿರುಕು ಬಿಟ್ಟಿತೆ, ತೂಗುಹಾಕಿದ ವಸ್ತು ಅಲುಗಾಡಿತೆ, ಏನೂ ತಿಳಿಯಲಿಲ್ಲವೆ? ಇಂತಹ ವಿವರಗಳನ್ನು ಊರೂರುಗಳಿಂದ ತರಿಸಿಕೊಂಡು ಭೂಪಟದಲ್ಲಿ ಗುರುತಿಸಿದರು. ಒಂದೇ ಬಗೆಯಾಗಿ ನಡುಗಿದ ಊರುಗಳನ್ನು ಸೇರಿಸಿ ಗೆರೆ ಎಳೆದರು. ಕಟ್ಟಡಗಳು ಹಾಳಾದ ಪ್ರದೇಶ ಸುಮಾರು 3.9 ಲಕ್ಷ ಚದರ ಕಿಲೋಮೀಟರ್. ಅಂದರೆ ಎರಡು ಕರ್ನಾಟಕದಷ್ಟು! ಕಂಪನದ ಅನುಭವವಾದ ಪ್ರದೇಶ ಸುಮಾರು 45 ಲಕ್ಷ ಚದರ ಕಿಲೋಮೀಟರ್. ಎಷ್ಟು ಕರ್ನಾಟಕಗಳಾದವು? ನೀವೇ ಲೆಕ್ಕ ಹಾಕಿ. (ನಮ್ಮ ರಾಜ್ಯದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್.)

ಶಾಲೆಯ ಗಂಟೆಯನ್ನು ನೆನಪಿಸಿಕೊಳ್ಳಿ. ಹೊಡೆತ ಒಂದೇ. ಹತ್ತಿರ ನಿಂತವರಿಗೆ ಕಿವಿ ಗುಂಯ್‌ಗುಡುತ್ತದೆ, ಊರಾಚೆ ಇರುವವರಿಗೆ ಮೆಲ್ಲಗೆ ಕೇಳುತ್ತದೆ. ಭೂಕಂಪದ ಪರಿಮಾಣ ಆ ಹೊಡೆತದಂತೆ, ಒಂದು ಭೂಕಂಪಕ್ಕೆ ಒಂದೇ. ಈ ಭೂಕಂಪದ್ದು 8ಕ್ಕಿಂತ ಹೆಚ್ಚೆಂದು ಅಂದಾಜು. ತೀವ್ರತೆ ಮಾತ್ರ ಊರಿಂದೂರಿಗೆ ಬೇರೆ. ದೂರ ಹೋದಂತೆ ಅದು ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ನದಿ ತಂದು ಹಾಕಿದ ಮೆದು ಮಣ್ಣು ಗಟ್ಟಿ ಬಂಡೆಗಿಂತ ಜೋರಾಗಿ ಅಲುಗುವುದರಿಂದ, ಪಕ್ಕಪಕ್ಕದ ಊರುಗಳಲ್ಲೂ ವ್ಯತ್ಯಾಸ ಕಾಣಬಹುದು.

ಓಲ್ಡ್‌ಹ್ಯಾಂ ಕಂಡ ಒಂದು ವಿಚಿತ್ರ ಕೇಳಿ. ನೆಲದಲ್ಲಿ ಹುದುಗಿದ್ದ ಕೆಲವು ದೊಡ್ಡ ಕಲ್ಲುಗಳು ಆಚೆ ಬಿದ್ದಿದ್ದವು, ಅವು ಕೂತಿದ್ದ ಗುಳಿಯ ಅಂಚು ಮಾತ್ರ ಚೂರೂ ಕೆಟ್ಟಿರಲಿಲ್ಲ! ಉರುಳಿ ಬಂದಿದ್ದರೆ ಅಂಚು ಮುರಿಯಬೇಕಿತ್ತು. ಮೊರದಲ್ಲಿ ಕೇರುವಾಗ ಕಾಳು ಹಾರುವಂತೆ ಅವು ನೇರ ಮೇಲಕ್ಕೆ ಚಿಮ್ಮಿದ್ದವು. ಗುರುತ್ವಾಕರ್ಷಣೆಯನ್ನೂ ಮೀರಿಸುವಷ್ಟು ಜೋರಾಗಿ ನೆಲ ಅವನ್ನು ಮೇಲಕ್ಕೆಸೆದಿತ್ತು.

ಆ ಬಳಿಕ ಅಲ್ಲಿನ ಜನ ಬಿದಿರು, ಜೊಂಡು, ಮರದ ಚೌಕಟ್ಟಿನ ಹಗುರ ಮನೆಗಳನ್ನು ಕಟ್ಟತೊಡಗಿದರು. ಇವಕ್ಕೆ ಅಸ್ಸಾಂ ಮಾದರಿ ಮನೆಗಳೆಂದೇ ಹೆಸರು.

ಜನರಿಗೆ ಕಂಪನ ತಿಳಿದ ಗಡಿಯಲ್ಲಿ ಅಲೆಗಳು ನಿಂತುಬಿಟ್ಟವೆ? ಇಲ್ಲ. ಸಾವಿರಾರು ಕಿಲೋಮೀಟರ್ ಆಚೆ, ಇಟಲಿಯ ಉಪಕರಣಗಳು ಅವನ್ನು ಗೆರೆಗಳಾಗಿ ಬರೆದುಕೊಂಡಿದ್ದವು. ಅಲ್ಲಿ ಯಾರಿಗೂ ನೆಲ ಅಲುಗಿದ್ದು ಗೊತ್ತಾಗಿರಲಿಲ್ಲ. ಆ ಗೆರೆಗಳನ್ನು ಪರೀಕ್ಷಿಸಿದ ಓಲ್ಡ್‌ಹ್ಯಾಂ, ಭೂಕಂಪದಿಂದ ಮೂರು ಬಗೆಯ ಅಲೆಗಳು ಒಂದರ ಹಿಂದೊಂದು ಬರುತ್ತವೆಂದು ಗುರುತಿಸಿದರು. ಎರಡು ಭೂಮಿಯ ಒಳಗಿನಿಂದ, ಮೂರನೆಯದು ಮೇಲ್ಮೈಯ ಗುಂಟ.