ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಬಲಗುಂದಿದಾಗ ಪರೀಕ್ಷಿಸತಕ್ಕ ಕ್ರಮ

ಭದ್ರಾ ನಾಲೆಯ ನೀರು ಗದ್ದೆಗೆ ಹರಿದ ಬಳಿಕ ಕೆಸರು ಉಳುಮೆಗೆ ದೊರೆಯುವ ದಿನಗಳು ಕೆಲವೇ. ಅಂತಹ ಸಮಯದಲ್ಲಿ ಟ್ರ್ಯಾಕ್ಟರಿನ ಲಿಫ್ಟ್ ಕಲ್ಟಿವೇಟರನ್ನು ಎತ್ತಲಾರದೆ ನಿಂತರೆ ಸಸಿ ಬಲಿತುಹೋಗುವುದು, ನೀರಿನ ಸರದಿಯೂ ತಪ್ಪುವುದು. ಭದ್ರಾವತಿಯ ನ್ಯೂ ಟೌನ್ ಸಮೀಪದ ಗ್ರಾಮವೊಂದರಲ್ಲಿ ರೈತರೊಬ್ಬರು ಇಂತಹುದೇ ಸಂದರ್ಭದಲ್ಲಿ ಪಂಪನ್ನು ಬಿಚ್ಚಿಸಿ ಹೊಸ ಭಾಗಗಳನ್ನು ಹಾಕಿಸಿದರು. ಆದರೂ ದೋಷವು ಹೋಗಲಿಲ್ಲ. ಕಡೆಗೆ ನೋಡಲಾಗಿ, ಎಣ್ಣೆ ಸೋಸುವ ಜಾಲರಿಯು ಕೆಸರಿನಿಂದ ಕಟ್ಟಿಕೊಂಡಿತ್ತು. ಜಾಲರಿಯನ್ನು ತೊಳೆದು ಎಣ್ಣೆ ಬದಲಾಯಿಸಿದೊಡನೆ ಲಿಫ್ಟ್ ಎಂದಿನಂತೆ ಎತ್ತಿತು. ಕ್ರಮವಾಗಿ ಪರೀಕ್ಷಿಸಿದ್ದರೆ ಹಣವೂ ಎಂಟು ದಿನಗಳೂ ಉಳಿಯುತ್ತಿದ್ದವು. ಆದುದರಿಂದ ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಲಿಫ್ಟ್ ಕೆಲಸ ಮಾಡುವ ಬಗೆ

ಉಪಕರಣವನ್ನು ಮೂರು ಕಡೆ ಜೋಡಿಸಿ ಎಣ್ಣೆಯ ಒತ್ತಡದಿಂದ ಎತ್ತುವ ಏರ್ಪಾಡನ್ನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದರು. ಈ ಏರ್ಪಾಡುಳ್ಳ ಅವರ ಟ್ರ್ಯಾಕ್ಟರು ೧೯೩೬ರಲ್ಲಿ ಮಾರಾಟಕ್ಕೆ ಬಂದಿತು. ಈ ಪದ್ಧತಿಯ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪು ಗೇರ್ ಪೆಟ್ಟಿಗೆಯ ಹಿಂದೆ ಎಣ್ಣೆಯಲ್ಲಿ ಮುಳುಗಿರುವುದು. ಅದು ಎಣ್ಣೆಯನ್ನು ಹೀರಿ ಸಿಲಿಂಡರಿಗೆ ತಳ್ಳುವುದು; ಪಿಸ್ಟನ್ ಸರಿದು ಎರಡು ಕೈಗಳನ್ನು ಮೇಲೆತ್ತುವುದು. ಒತ್ತಡವು ಮಿತಿ ಮೀರಿದರೆ ರಿಲೀಫ್ ವಾಲ್ವು ತೆರೆದು ಎಣ್ಣೆಯನ್ನು ಹೊರಬಿಡುವುದು.

ಒತ್ತಡ ತಗ್ಗಿದರೆ ಆಗುವ ನಷ್ಟವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪಿಸ್ಟನ್ನಿನ ಮುಖವು ೩೩ ಚದರ ಸೆಂಟಿಮೀಟರ್ ಇರಲಿ. ಪ್ರತಿ ಚದರ ಸೆಂಟಿಮೀಟರಿಗೆ ೧೫೦ ಕಿಲೋ ಒತ್ತಡವಿದ್ದರೆ ಪಿಸ್ಟನ್ನಿನ ಮೇಲೆ ೪,೯೫೦ ಕಿಲೋ ಬಲ ಬೀಳುವುದು. ಒತ್ತಡವು ೯೦ಕ್ಕೆ ಇಳಿದರೆ ಬಲವು ೨,೯೭೦ ಕಿಲೋ ಮಾತ್ರ. ಕೈಗಳ ತುದಿಯಲ್ಲಿ ದೊರೆಯುವುದು ಇದರ ಒಂದಂಶವಾದರೂ ಪ್ರಮಾಣವು ಅದೇ. ಮೊದಲು ೬೦೦ ಕಿಲೋ ಎತ್ತುತ್ತಿದ್ದ ಲಿಫ್ಟ್ ಈಗ ೩೬೦ ಕಿಲೋ ಎತ್ತುವುದು.

ಬಿಚ್ಚುವ ಮುನ್ನ ನೋಡತಕ್ಕವು

೧. ಸನ್ನೆಗಳು: ಅನೇಕ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಿ.ಟಿ.ಓ. ಸನ್ನೆಯನ್ನು ಹಾಕದಿದ್ದರೆ ಪಂಪೇ ತಿರುಗುವುದಿಲ್ಲ. ಎರಡು ಸನ್ನೆಗಳಿರುವಲ್ಲಿ ಒಂದು ಎತ್ತರವನ್ನೂ ಇನ್ನೊಂದು ಎಳೆತವನ್ನೂ ನಿಯಂತ್ರಿಸುವುದು. ಎಳೆತದ ಸನ್ನೆಯಲ್ಲಿ ಉಳುವಾಗ ಗಟ್ಟಿ ಮಣ್ಣು ಸಿಕ್ಕರೆ ಉಪಕರಣ ತಾನಾಗಿ ಮೇಲೇಳುವುದು ಸಹಜ, ಅದು ದೋಷವಲ್ಲ.

೨. ಎಣ್ಣೆಯ ಮಟ್ಟ: ಟ್ರ್ಯಾಕ್ಟರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ ಅಳತೆಕಡ್ಡಿಯಿಂದ ನೋಡತಕ್ಕದ್ದು. ಎಣ್ಣೆ ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುವುದು. ಲಿಫ್ಟ್ ಅದುರುತ್ತಾ ಏಳುವುದು, ಎಣ್ಣೆಯಲ್ಲಿ ನೊರೆ ಕಾಣುವುದು.

೩. ಎಣ್ಣೆಯ ಬಣ್ಣ: ನಮ್ಮ ಕಡೆಯ ಮುಖ್ಯ ಶತ್ರು ಇದೇ. ಆಳವಾದ ಕೆಸರಿನಲ್ಲಿ ಓಡಾಡುವಾಗ ಹಳೆಯ ಸೀಲುಗಳ ಮೂಲಕ ನೀರು ಒಳಸೇರಿ ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗುವುದು. ಸ್ವಲ್ಪ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಇಟ್ಟರೆ ನೀರು ತಳದಲ್ಲಿ ನಿಲ್ಲುವುದುಂಟು. ಇಂತಹ ಎಣ್ಣೆಯನ್ನು ಪೂರ್ಣವಾಗಿ ತೆಗೆದು, ಜಾಲರಿಯನ್ನು ತೊಳೆದು, ಸೋರುವ ಸೀಲನ್ನು ಬದಲಾಯಿಸಿ, ಕೈಪಿಡಿಯಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಬೇಕು.

೪. ಭಾರ: ಉಪಕರಣವು ಟ್ರ್ಯಾಕ್ಟರಿನ ಶಕ್ತಿಗೆ ತಕ್ಕುದೇ? ಅಂಟಿದ ಕೆಸರೂ ಭಾರವೇ. ಕೀಲುಗಳು ತುಕ್ಕು ಹಿಡಿದು ಬಿಗಿದಿಲ್ಲವೆಂಬುದನ್ನೂ ನೋಡಬೇಕು.

ಲಕ್ಷಣದಿಂದ ಕಾರಣವನ್ನು ಅರಿಯುವುದು

ಎಣ್ಣೆ ತಣ್ಣಗಿರುವಾಗ ನಿಧಾನ, ಬಿಸಿಯಾದ ಮೇಲೆ ಸರಿ ಎಂದಾದರೆ ಎಣ್ಣೆಯು ಅತಿ ಮಂದವಾಗಿದೆ ಅಥವಾ ಜಾಲರಿ ಕಟ್ಟಿದೆ. ತಣ್ಣಗಿರುವಾಗ ಸರಿ, ಬಿಸಿಯಾದ ಮೇಲೆ ಬಲಹೀನ ಎಂದಾದರೆ ಪಂಪು ಅಥವಾ ಸಿಲಿಂಡರು ಸವೆದಿದೆ. ತೆಳುವಾದ ಎಣ್ಣೆಯು ಸಂದುಗಳಲ್ಲಿ ನುಸುಳುತ್ತಿದೆ.

ಉಪಕರಣವನ್ನು ಎತ್ತಿ ಎಂಜಿನ್ ನಿಲ್ಲಿಸಿರಿ. ಬಹು ನಿಧಾನವಾಗಿ ಇಳಿಯುವುದು ಹಳೆಯ ಯಂತ್ರದಲ್ಲಿ ಸಹಜ. ಕಣ್ಣೆದುರೇ ಇಳಿದುಬಿಟ್ಟರೆ ಪಿಸ್ಟನ್ನಿನ ಉಂಗುರ, ಕೊಳವೆಯ ಓ-ರಿಂಗ್ ಅಥವಾ ವಾಲ್ವು ಸೋರುತ್ತಿರಬೇಕು. ಎಂಜಿನ್ ನಡೆಯುವಾಗ ಎತ್ತಿದ ಉಪಕರಣ ಮೇಲೆ ಕೆಳಗೆ ತೂಗುತ್ತಿದ್ದರೂ ಕಾರಣ ಈ ಸೋರಿಕೆಯೇ.

ಇಳಿಯದೆ ನಿಲ್ಲುವುದು, ಆದರೆ ಭಾರವನ್ನು ಎತ್ತಲಾರದು ಎಂದಾದರೆ ಪಂಪು ಅಥವಾ ರಿಲೀಫ್ ವಾಲ್ವಿನ ಮೇಲೆ ಸಂದೇಹಪಡಬೇಕು. ಆಗ ಅನುಭವಿ ಮೆಕ್ಯಾನಿಕರಿಂದ ಒತ್ತಡದ ಗೇಜು ಹಾಕಿಸಿ ನೋಡುವುದೇ ಸರಿಯಾದ ಮಾರ್ಗ. ಗೇಜು ಕೈಪಿಡಿಯ ಅಂಕಿಯನ್ನು ಮುಟ್ಟಿದರೆ ಪಂಪಿನ ದೋಷವಿಲ್ಲ. ಭಾರ ಹೆಚ್ಚಾಗಿದೆ ಅಥವಾ ಕೀಲು ಬಿಗಿದಿದೆ. ಮುಟ್ಟದಿದ್ದರೆ ಮಾತ್ರ ಮೇಲಿನ ಮುಚ್ಚಳವನ್ನು ಬಿಚ್ಚತಕ್ಕದ್ದು.

ಎಚ್ಚರಿಕೆ

ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ಬಿಲ್ಲೆ ಕೊಟ್ಟು ಒತ್ತಡ ಹೆಚ್ಚಿಸುವವರುಂಟು. ಇದರಿಂದ ಎರಕದ ಭಾಗಗಳು ಸೀಳಬಹುದು, ಎಂದಿಗೂ ಮಾಡಕೂಡದು. ಎತ್ತಿದ ಉಪಕರಣದ ಕೆಳಗೆ ಯಾರೂ ಹೋಗಕೂಡದು. ಕೆಲಸ ಅನಿವಾರ್ಯವಾದರೆ ಭದ್ರವಾದ ಮರದ ದಿಮ್ಮಿಗಳ ಮೇಲೆ ಉಪಕರಣವನ್ನು ಕೂರಿಸಿರಬೇಕು. ಒತ್ತಡದ ಕೊಳವೆಯ ಸೋರಿಕೆಯನ್ನು ಬೆರಳಿನಿಂದ ತಡವಿ ನೋಡಕೂಡದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆಯೂ ಚರ್ಮವನ್ನು ಭೇದಿಸುವುದು. ಹಾಗಾದಲ್ಲಿ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಬೆರಳನ್ನೇ ಕಳೆದುಕೊಂಡವರುಂಟು.

ಭದ್ರಾವತಿಯು ೧೯೨೩ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಊರು; ಲೋಹದ ಕೆಲಸ ಬಲ್ಲವರು ಇಲ್ಲಿ ಅಪರೂಪವಲ್ಲ. ಆದರೆ ಕುಶಲಿಗೂ ದೋಷದ ಲಕ್ಷಣವನ್ನು ಸರಿಯಾಗಿ ಹೇಳುವವರು ಬೇಕು. ಗ್ರಾಮದ ಮುಖಂಡರು ನಾಲೆಗೆ ನೀರು ಬಿಡುವುದಕ್ಕೆ ಹದಿನೈದು ದಿನ ಮುಂಚೆ ತಮ್ಮೂರಿನ ಟ್ರ್ಯಾಕ್ಟರುಗಳ ಎಣ್ಣೆಯನ್ನೂ ಲಿಫ್ಟನ್ನೂ ಒಂದು ದಿನ ಒಟ್ಟಾಗಿ ಪರೀಕ್ಷಿಸುವ ಏರ್ಪಾಡು ಮಾಡಿದರೆ, ಗದ್ದೆಯ ನಡುವೆ ಯಂತ್ರ ನಿಂತು ಪರಿತಪಿಸುವ ಸಂದರ್ಭಗಳು ಬಹುಮಟ್ಟಿಗೆ ತಪ್ಪುವುವು.